ಏಳು ತೊಲ

ನಮ್ಮೂರಿನ ಹೆಂಗಸರು ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಮಾಡುವ ಮೊದಲ ಕೆಲಸವೆಂದರೆ ಕಬ್ಬಿಣದ ಸೌಟು ಹಿಡಿದು ಹಿತ್ತಲ ಗೋಡೆಯ ಹತ್ತಿರ ಹೋಗಿ ನಿಲ್ಲುವುದು. ಈಚೆಯವಳು ತನ್ನ ಸೌಟನ್ನು ಆಚೆಯವಳ ಕೈಗೆ ಕೊಡುತ್ತಾಳೆ, ಆಚೆಯವಳು ತನ್ನದನ್ನು ಇವಳ ಕೈಗೆ. ಮರುದಿನ ಮತ್ತೆ ಅದಲುಬದಲು. ಗಂಡಸರು ಕುಡಗೋಲು, ಕೊಡಲಿ, ಕೀಲಿಕೈಗಳನ್ನು ಹೀಗೆಯೇ ಕೊಟ್ಟು ತೆಗೆದುಕೊಳ್ಳುತ್ತಾರೆ. ಪರ ಊರಿನವರು ನೋಡಿದರೆ ಇವರಿಗೆ ಬೇರೆ ಉದ್ಯೋಗವಿಲ್ಲವೇ ಎಂದು ನಕ್ಕಾರು. ನಗಲಿ. ನಮ್ಮೂರ ಕುಲುಮೆಯಲ್ಲಿ ಮಾಡಿದ ಕಬ್ಬಿಣ ಒಬ್ಬರ ಕೈಯಲ್ಲೇ ಉಳಿದರೆ, ಅಥವಾ ಯಾರ ಕೈಯೂ ಸೋಕದೆ ಬಿದ್ದಿದ್ದರೆ, ವರ್ಷಕ್ಕೆ ಒಂದು ತೊಲ ಭಾರವಾಗುತ್ತದೆ. ಸೂಜಿಗೂ ಅಷ್ಟೇ, ನೇಗಿಲ ಕುಳಕ್ಕೂ ಅಷ್ಟೇ. ಏರಿದ ತೂಕ ಮತ್ತೆ ಇಳಿಯುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಮೊಳೆಗಳಿಲ್ಲ, ಮರದ ಗೂಟಗಳೇ. ಹೊರಗಿನಿಂದ ಬಂದ ಕಬ್ಬಿಣಕ್ಕೆ ಈ ಗೋಜಿಲ್ಲ, ಆದರೆ ಅದರಿಂದ ಮಾಡಿದ ಸೌಟಿನ ಸಾರು ರುಚಿಯಾಗುವುದಿಲ್ಲ ಎಂದು ನಮ್ಮವರು ತಿಳಿದುಕೊಂಡುಬಿಟ್ಟಿದ್ದಾರೆ.

ಆ ತೂಕ ನೋಡಿ ವರ್ಷ ಹೇಳುವವನು ನಾನು. ಹೆಸರು ಶಿವಪುತ್ರಪ್ಪ, ಊರವರ ಬಾಯಲ್ಲಿ ತಕ್ಕಡಿ ಶಿವಪುತ್ರಪ್ಪ. ಪ್ರತಿ ಸಾಮಾನಿನ ಮೇಲೆ ಕಮ್ಮಾರ ಅದರ ಹುಟ್ಟಿದ ತೂಕವನ್ನು ಚುಕ್ಕೆಗಳಾಗಿ ಹೊಡೆದಿರುತ್ತಾನೆ. ದೊಡ್ಡ ಚುಕ್ಕೆಗೆ ಹತ್ತು ತೊಲ, ಸಣ್ಣದಕ್ಕೆ ಒಂದು. ಈಗಿನ ತೂಕದಲ್ಲಿ ಅದನ್ನು ಕಳೆದರೆ ಆ ಸಾಮಾನು ಎಷ್ಟು ವರ್ಷ ಕೈ ಬದಲಾಯಿಸದೆ ಕಳೆದಿದೆ ಎಂದು ತಿಳಿಯುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಅದರ ಮೇಲೆ ಮನೆಗಳು ಒಡೆದಿವೆ, ಮನೆಗಳು ಕೂಡಿವೆ. ಅತ್ತೆ ಸೊಸೆ ಎಷ್ಟು ದಿನದಿಂದ ಮಾತು ಬಿಟ್ಟಿದ್ದಾರೆ ಎಂದು ಅವರನ್ನು ಕೇಳಬೇಕಾಗಿಲ್ಲ, ಅವರ ಈಳಿಗೆಯನ್ನು ನನ್ನ ಹತ್ತಿರ ತಂದರೆ ಸಾಕು.

ನನ್ನ ತಕ್ಕಡಿಯ ದಂಡ ಮರದ್ದು, ತಟ್ಟೆಗಳು ಹಿತ್ತಾಳೆಯವು. ಒಂದು ಚೀಲದ ತುಂಬ ಒಂದೊಂದು ತೊಲದ ಬೆಣಚುಕಲ್ಲುಗಳಿವೆ. ಅವನ್ನು ವರ್ಷದ ಕಲ್ಲು ಎನ್ನುತ್ತೇವೆ. ದೊಡ್ಡ ಸಾಮಾನು ಬಂದಾಗ ಹಾಕಲು ಅರ್ಧ ಸೇರಿನದೊಂದು, ಅಂದರೆ ನಲವತ್ತು ತೊಲದ್ದು. ಅದೂ ನಮ್ಮಪ್ಪನ ಕಾಲದಲ್ಲಿ ಕಲ್ಲಿನದೇ ಆಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಕೈಯಿಂದಲೇ ಜಾರಿ ಒಡೆಯಿತು. ಅಂಥ ಕಲ್ಲು ಹುಡುಕಿ ತಂದು ಉಜ್ಜಿ ತೂಕಕ್ಕೆ ತರುವಷ್ಟು ತಾಳ್ಮೆ ನನಗಿರಲಿಲ್ಲ. ಕುಲುಮೆಗೆ ಹೋಗಿ ಕಬ್ಬಿಣದ್ದು ಮಾಡಿಸಿಕೊಂಡು ಬಂದೆ. ಕಬ್ಬಿಣವಾದರೇನು, ದಿನವೂ ಬಳಸುವ ವಸ್ತು ಎಂದುಕೊಂಡೆ. ಹೊರಗಿನವರು ತೂಕದ ಕಲ್ಲುಗಳನ್ನು ಮುಟ್ಟಬಾರದೆಂಬುದು ಹಳೆಯ ಕಟ್ಟುಪಾಡು. ಮುಟ್ಟಿದರೆ ಮೋಸದ ಮಾತು ಬರುತ್ತದೆ. ಹಾಗಾಗಿ ಕಲ್ಲಿನ ಪೆಟ್ಟಿಗೆ ನನ್ನ ಹೆಂಡತಿ ಕಾಶವ್ವನ ಪಕ್ಕದಲ್ಲಿರುತ್ತಿತ್ತು. ಅವಳು ತೆಗೆದು ಕೊಡುವಳು, ನಾನು ತೂಗಿ ತಿರುಗಿ ಕೊಡುವೆ.

ಕಾಶವ್ವ ಹೋಗಿ ಏಳು ವರ್ಷವಾಯಿತು. ಮಕ್ಕಳಿಲ್ಲ. ಅವಳು ಹೋದ ಹೊಸದರಲ್ಲಿ ಪಕ್ಕದ ಮನೆಯ ಗುರಸಿದ್ದವ್ವ ದಿನವೂ ಬೆಳಗ್ಗೆ ಗೋಡೆಯ ಹತ್ತಿರ ಸೌಟು ಹಿಡಿದು ನಿಂತಿರುತ್ತಿದ್ದಳು. ನನಗೇನೂ ಕಡಿಮೆಯಾಗಿಲ್ಲ, ನೀವು ಹೋಗಿ ಎಂದು ನಾನೇ ಹೇಳಿದೆ. ಕರುಣೆ ತೋರಿಸಲು ಬಂದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಾಲ್ಕು ತಿಂಗಳು ನಿಂತಳು, ಆಮೇಲೆ ಬಿಟ್ಟಳು. ಅಂದಿನಿಂದ ನನ್ನ ಸೌಟು, ರೊಟ್ಟಿ ಹಂಚು, ಕೀಲಿಕೈ ಎಲ್ಲ ನನ್ನ ಕೈಯಲ್ಲೇ. ಕೀಲಿಕೈ ಭಾರಕ್ಕೆ ಉಡಿದಾರ ಎರಡು ಸಲ ಹರಿಯಿತು, ಮೂರನೆಯ ಸಲ ಬಾಗಿಲಿಗೆ ಕೀಲಿ ಹಾಕುವುದನ್ನೇ ಬಿಟ್ಟೆ. ಹಂಚು ಭಾರವಾಯಿತೆಂದು ಮಣ್ಣಿನ ಹಂಚು ತಂದೆ. ಒಬ್ಬನೇ ಇರುವವನ ಮನೆಯಲ್ಲಿ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸಾವಂತ್ರೆವ್ವ ಬಂದಳು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡವಳು, ಮೇಲಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ. ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಬಿಚ್ಚಿ ಜಗಲಿಯ ಮೇಲೆ ಇಟ್ಟಾಗ ಧಪ್ಪೆಂದಿತು. ಒಂದು ಬಾಕು. ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ, ಅಲಗಿನ ತುದಿ ಎಡಕ್ಕೆ ಒಂದಿಷ್ಟು ಬಾಗಿದೆ, ಹಿಡಿಯ ಕೊನೆಯಲ್ಲಿ ಒಂದು ಬೆರಳು ತೂರುವಷ್ಟು ದೊಡ್ಡ ಉಂಗುರ. ಇಂಥದನ್ನು ನಾನು ನಲವತ್ತು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಮೈತುಂಬ ಸುಣ್ಣ ಮೆತ್ತಿತ್ತು.

ಬಾಕು ಅವಳ ಅಪ್ಪ ಚೆನ್ನಮಲ್ಲಪ್ಪನದು. ಅದರ ಸುದ್ದಿ ಊರಿಗೇ ಗೊತ್ತು, ನೋಡಿದವರು ಮಾತ್ರ ಮೇಲಿನ ಓಣಿಯವರು. ಅಲ್ಲಿ ಯಾರ ಮದುವೆಯಾದರೂ ಮದುಮಗನ ಕೈಗೆ ಅದೇ ಬಾಕು. ಮದುವೆ ಇಲ್ಲದಾಗ ಚೆನ್ನಮಲ್ಲಪ್ಪನ ಪಡಸಾಲೆಯ ಗೂಟದಲ್ಲಿ ತೂಗುತ್ತಿತ್ತು, ಬಂದವರೆಲ್ಲ ತೆಗೆದು ನೋಡಿ ಅವನ ಕೈಗೆ ಕೊಡುತ್ತಿದ್ದರು. ಯಾವುದೋ ದಂಡಿನ ಸರದಾರ ತನ್ನ ಅಜ್ಜನಿಗೆ ಮೆಚ್ಚಿ ಕೊಟ್ಟದ್ದು ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನು ಸತ್ತ ದಿನ ನೋಡಿದರೆ ಗೂಟ ಬರಿದಾಗಿತ್ತು. ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಸಾವಂತ್ರೆವ್ವ ತಂಗಿ ತುಳಜವ್ವನಿಗೆ ಕಳ್ಳಿ ಎಂದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮೇಲಿನ ಓಣಿಯ ಮದುಮಕ್ಕಳು ಮರದ ಬಾಕು ಹಿಡಿದು ನಿಲ್ಲುತ್ತಾರೆ.

ಈಗ ಬಾಕು ಸಿಕ್ಕಿದ್ದು ಹಿತ್ತಲಿನ ದನದ ಮನೆಯ ಗೋಡೆ ಕೆಡವುವಾಗ, ಒಳಗಿನ ಪೊಳ್ಳಿನಲ್ಲಿ. ಅಪ್ಪ ಸತ್ತ ಮೇಲೆ ಆ ದನದ ಮನೆ ತುಳಜವ್ವನ ಪಾಲಿಗೆ ಬಂದಿತ್ತು. ಹನ್ನೆರಡು ವರ್ಷ ಅವಳ ವಶದಲ್ಲಿತ್ತು, ಅವಳು ಕೆಳಗಿನ ಓಣಿಗೆ ಹೋದ ಮೇಲೆ ಸಾವಂತ್ರೆವ್ವನಿಗೆ ಬಂತು. ಹಾಗಾಗಿ ಪ್ರಶ್ನೆ ಒಂದೇ. ಬಾಕಿನ ಲೆಕ್ಕ ಇಪ್ಪತ್ತನಾಲ್ಕು ವರ್ಷವೆಂದು ಬಂದರೆ, ಸಾಯುವ ಮುಂಚೆ ಚೆನ್ನಮಲ್ಲಪ್ಪನೇ ಅದನ್ನು ಗೋಡೆಯಲ್ಲಿ ಇಟ್ಟಿದ್ದಾನೆ. ಅಳಿಯಂದಿರಿಬ್ಬರೂ ಅದು ತನಗೆ ತನಗೆ ಎಂದು ಆಗಲೇ ಕಿತ್ತಾಡುತ್ತಿದ್ದರಂತೆ, ಇಬ್ಬರಿಗೂ ಬೇಡವೆಂದು ಇಟ್ಟಿರಬಹುದು. ಕಡಿಮೆ ಬಂದರೆ, ಅವನು ಸತ್ತ ಮೇಲೂ ಅದು ಯಾರದೋ ಮನೆಯಲ್ಲಿ ಕೈಯಿಂದ ಕೈಗೆ ತಿರುಗಿ ಆಮೇಲೆ ಗೋಡೆ ಸೇರಿದೆ. ಆ ಮನೆ ತುಳಜವ್ವನದಲ್ಲದೆ ಬೇರೆ ಯಾವುದೂ ಆಗಿರಲಾರದು.

"ಇಪ್ಪತ್ನಾಲ್ಕು ಅಂತ ಬರಲಿ ಅಂತ ದೇವರಿಗೆ ಬೇಡಿಕೊಂಡೇನ್ರಿ ಅಣ್ಣಾರ," ಎಂದಳು ಸಾವಂತ್ರೆವ್ವ. "ಬಂದ್ರ ನಾನ ಆಕಿ ಬಾಗಲಿಗೆ ಹೋಗತೀನಿ. ಕಾಲು ಹಿಡೀತೀನಿ. ನಾವು ಇಬ್ಬರ ಉಳದೇವಿ."

ದೇವರನ್ನು ಬೇಡಿಕೊಂಡರೆ ತಕ್ಕಡಿಯ ಮುಳ್ಳು ಕೇಳುವುದಿಲ್ಲ ಎಂದು ನಾನು ಹೇಳಿದೆ. ಆಗ ನನಗೆ ಅದೊಂದು ದೊಡ್ಡ ಮಾತೆನಿಸಿತ್ತು.

ತೂಗುವ ಮುಂಚೆ ಎರಡು ವಿಷಯ ತಿಳಿಯಬೇಕಾಗಿತ್ತು. ಬಾಕು ನಿಜವಾಗಿ ಹೊರಗಿನದಾದರೆ ತೂಗಿ ಫಲವಿಲ್ಲ. ನಮ್ಮದೇ ಆದರೆ ಹುಟ್ಟಿದ ತೂಕ ಬೇಕು. ಇಬ್ಬರೂ ಕೂಡಿ ಕಮ್ಮಾರ ಮೌನೇಶಪ್ಪನ ಕುಲುಮೆಗೆ ಹೋದೆವು. ಅವನು ಹುಣಸೆಹಣ್ಣು ಹಚ್ಚಿ ಸುಣ್ಣ ತೊಳೆದ, ಅಲಗಿನ ಬುಡವನ್ನು ಒರೆಸಿ ಬೆಳಕಿಗೆ ಹಿಡಿದ, ಆಮೇಲೆ ನಗತೊಡಗಿದ.

"ಯಾವ ದಂಡಿನ ಸರದಾರ್ರಿ? ಇದು ನಮ್ಮ ಮುತ್ತಜ್ಜನ ಮೀನ. ನೋಡ್ರಿ, ಕಣ್ಣೈತಿ."

ಅಲಗಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೀನು, ಅದಕ್ಕೊಂದು ಕಣ್ಣು. ಮೀನು ಅವರ ಮನೆತನದ ಗುರುತು. ಮುತ್ತಜ್ಜನ ಬಲಗಣ್ಣು ಕಿಡಿ ಸಿಡಿದು ಹೋದ ಮೇಲೆ ಅವನು ತನಗಿಲ್ಲದ್ದು ಮೀನಿಗೇಕೆಂದು ಕಣ್ಣು ಕೆತ್ತುವುದನ್ನು ಬಿಟ್ಟನಂತೆ, ಅವನ ಮಕ್ಕಳು ಮೊಮ್ಮಕ್ಕಳೂ ಕುರುಡು ಮೀನನ್ನೇ ಹೊಡೆಯುತ್ತ ಬಂದರು. ಕಣ್ಣು ಹೋದದ್ದು ಪೇಟೆಯ ಬಾವಿ ತೋಡಿದ ವರ್ಷ. ಬಾವಿಗೆ ತೊಂಬತ್ತೆರಡು ವರ್ಷ. ಅಲ್ಲಿಗೆ ಬಾಕಿನ ವಯಸ್ಸು ಅದಕ್ಕಿಂತ ಒಂದಿಷ್ಟು ಹೆಚ್ಚು ಎಂದಾಯಿತು. ಉಂಗುರವನ್ನು ನೋಡಿದರೂ ಸಾಕಿತ್ತು ಎಂದ ಮೌನೇಶಪ್ಪ. ಕೊಡುವವನು ಹಿಡಿಯನ್ನು ಹಿಡಿದಿರುವಾಗ ತೆಗೆದುಕೊಳ್ಳುವವನು ಉಂಗುರದಲ್ಲಿ ಬೆರಳು ಹಾಕುತ್ತಾನೆ, ಒಂದು ಗಳಿಗೆ ಬಾಕು ಇಬ್ಬರ ಕೈಯಲ್ಲೂ ಇರುತ್ತದೆ. ಇರಿಯುವುದಕ್ಕೆ ಬಾಕು ಮಾಡುವ ಊರಿನವರು ಇಂಥ ಉಂಗುರ ಇಡುವುದಿಲ್ಲ. ಮೀನಿನ ಕೆಳಗೆ ನಾಲ್ಕು ದೊಡ್ಡ ಚುಕ್ಕೆ, ಆರು ಸಣ್ಣವು. ಹುಟ್ಟಿದ ತೂಕ ನಲವತ್ತಾರು ತೊಲ.

ಸಾವಂತ್ರೆವ್ವನಿಗೆ ಅಪ್ಪನ ಸರದಾರನ ಕತೆ ಸುಳ್ಳಾದದ್ದಕ್ಕೆ ಏನೂ ಅನ್ನಿಸಲಿಲ್ಲ. ತೂಗಿರಿ, ತೂಗಿರಿ ಎಂದು ದಾರಿಯುದ್ದಕ್ಕೂ ಅವಸರ ಮಾಡಿದಳು.

ಜಗಲಿಯ ಮುಂದೆ ಏಳೆಂಟು ಜನ ಸೇರಿದ್ದರು. ಬಾಕನ್ನು ಒಂದು ತಟ್ಟೆಯಲ್ಲಿಟ್ಟೆ. ಪೆಟ್ಟಿಗೆ ತೆರೆದು ಅರ್ಧ ಸೇರನ್ನು ಎತ್ತಿ ಇನ್ನೊಂದು ತಟ್ಟೆಗೆ ಹಾಕಿದೆ. ಆಮೇಲೆ ವರ್ಷದ ಕಲ್ಲುಗಳನ್ನು ಒಂದೊಂದಾಗಿ, ಎಲ್ಲರಿಗೂ ಕೇಳುವಂತೆ ಎಣಿಸುತ್ತ ಹಾಕಿದೆ. ಇಪ್ಪತ್ತಮೂರನೆಯ ಕಲ್ಲಿಗೆ ಮುಳ್ಳು ನೆಟ್ಟಗೆ ನಿಂತಿತು. ನಲವತ್ತಕ್ಕೆ ಇಪ್ಪತ್ತಮೂರು ಸೇರಿದರೆ ಅರವತ್ತಮೂರು. ಹುಟ್ಟಿದ ತೂಕ ನಲವತ್ತಾರನ್ನು ಕಳೆದರೆ ಉಳಿಯುವುದು ಹದಿನೇಳು.

ಇನ್ನೊಮ್ಮೆ ತೂಗಿದೆ. ಹದಿನೇಳೇ. ಸಾವಂತ್ರೆವ್ವ ಅಳಲಿಲ್ಲ. ಹಾಗಾದರೆ ಆಕೆಯೇ ಎಂದಷ್ಟೇ ಅಂದಳು, ಯಾರಿಗೂ ಅಲ್ಲ, ತನಗೆ ತಾನೇ. ಬಾಕನ್ನು ಮತ್ತೆ ಸೆರಗಿಗೆ ಸುತ್ತಿಕೊಂಡು ನೇರ ಕುಲುಮೆಗೆ ಹೋಗಿ, ಶುಕ್ರವಾರ ಕಾಯಿಸುವ ಗುಡ್ಡೆಗೆ ಹಾಕಿ ಬಂದಳಂತೆ. ಭಾರವಾದ ಹಳೆಯ ಸಾಮಾನುಗಳನ್ನೆಲ್ಲ ಮೌನೇಶಪ್ಪ ಶುಕ್ರವಾರ ಬೆಂಕಿಗೆ ಹಾಕಿ ಬಡಿದು ಬೇರೆ ಸಾಮಾನು ಮಾಡುತ್ತಾನೆ. ಅದರಿಂದ ಕಳೆ ತೆಗೆಯುವ ನಾಲ್ಕು ಕುರ್ಚಿಗಿ ಮಾಡು, ಬೇಕಾದವರಿಗೆ ಕೊಡು ಎಂದಳಂತೆ. ಅಂದು ಸೋಮವಾರ.

ಮಂಗಳವಾರ ತುಳಜವ್ವ ಬಂದಳು. ಅಕ್ಕನಿಗಿಂತ ತೆಳ್ಳಗೆ, ಮಾತು ಕಡಿಮೆ. ಗಂಡ ಇದ್ದಾನೆ, ಹಾಸಿಗೆ ಹಿಡಿದಿದ್ದಾನೆ. ಜಗಲಿಯ ಕೆಳಗೇ ನಿಂತು, ನಿಮ್ಮ ತಕ್ಕಡಿ ತಪ್ಪುವುದೇ ಇಲ್ಲವೇ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ಒಬ್ಬರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಎರಡು ಸಲ ತೂಗಿದ್ದೇನೆ, ಹತ್ತು ಕಣ್ಣು ನೋಡಿವೆ ಎಂದೆ.

"ತಕ್ಕಡಿ ವಿಷಯ ನನಗ ಗೊತ್ತಿಲ್ರಿ ಅಣ್ಣಾರ. ನಾ ಅದನ್ನ ಮುಟ್ಟಿಲ್ಲ. ಅಷ್ಟ ಗೊತ್ತೈತಿ."

ಹೊರಡುವವಳು ಒಂದು ಗಳಿಗೆ ನಿಂತಳು. ನನ್ನ ಬಲಕ್ಕೆ, ಪೆಟ್ಟಿಗೆಯ ಪಕ್ಕದ ಖಾಲಿ ಮಣೆಯನ್ನು ನೋಡಿದಳು. ಅದನ್ನು ನಾನು ತೆಗೆದಿರಲಿಲ್ಲ.

"ವೈನಿ ಇದ್ದಾಗ ಕಲ್ಲು ಅವರ ಕೈಲೆ ಕೊಡತಿದ್ರು," ಎಂದಳು. "ಈಗ ನೀವ ತಗೋತೀರೇನು?"

ಹೌದು ಎಂದೆ. ಅವಳು ಹೊರಟುಹೋದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲವೆಂದೇ ನನ್ನ ನಂಬಿಕೆ. ಕಾಶವ್ವನನ್ನು ನೆನೆಸಿಕೊಂಡಳು, ಅಷ್ಟೇ. ಅವರಿಬ್ಬರೂ ಬಾವಿಯ ಹತ್ತಿರ ಮಾತಾಡುತ್ತ ನಿಲ್ಲುವವರು.

ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಬುಧವಾರ ಪೆಟ್ಟಿಗೆಯ ಕಡೆ ನೋಡದೆ ಕಳೆದೆ. ಹಿತ್ತಲು ಗುಡಿಸಿದೆ, ಬೇಕಿಲ್ಲದಿದ್ದರೂ ಧೋತರ ಒಗೆದೆ. ಎಲ್ಲ ಗೊತ್ತಿದ್ದವನಿಗೆ ಒಂದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳುವುದು ಎಷ್ಟು ಕೆಲಸ ಎಂದು ಅಂದು ತಿಳಿಯಿತು. ಗುರುವಾರ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ ತಕ್ಕಡಿಯ ಮುಂದೆ ಕುಳಿತೆ. ಒಂದು ತಟ್ಟೆಗೆ ಅರ್ಧ ಸೇರನ್ನು ಇಟ್ಟೆ. ಇನ್ನೊಂದಕ್ಕೆ ವರ್ಷದ ಕಲ್ಲುಗಳನ್ನು ಹಾಕುತ್ತ ಹೋದೆ. ನಲವತ್ತಕ್ಕೆ ಮುಳ್ಳು ನಿಲ್ಲಬೇಕು. ನಿಲ್ಲಲಿಲ್ಲ. ನಲವತ್ತೊಂದು. ನಲವತ್ತೆರಡು. ಒಂದು ಕಲ್ಲು ಕೈತಪ್ಪಿ ಕೆಳಗೆ ಬಿತ್ತು, ಹುಡುಕಿ ತಂದು ಹಾಕಿದೆ. ನಲವತ್ತೇಳನೆಯದಕ್ಕೆ ಮುಳ್ಳು ನಿಂತಿತು.

ಏಳು ತೊಲ. ಕಾಶವ್ವ ಇರುವವರೆಗೆ ಅದು ಅವಳ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವಳ ಕೈಗೆ ಬರುತ್ತಿತ್ತು. ಹನ್ನೆರಡು ವರ್ಷದಲ್ಲಿ ಒಂದು ಎಳ್ಳಿನಷ್ಟೂ ಹೆಚ್ಚಾಗಿರಲಿಲ್ಲ. ಆಮೇಲಿನದೆಲ್ಲ ನನ್ನೊಬ್ಬನದು. ಹಂಚು ಭಾರವಾದದ್ದು ಕಂಡಿತ್ತು, ಕೀಲಿಕೈ ಉಡಿದಾರ ಹರಿದದ್ದು ಕಂಡಿತ್ತು, ಇದೊಂದು ಕಾಣಲಿಲ್ಲ. ಊರಿನವರದನ್ನೆಲ್ಲ ಇದರಿಂದಲೇ ಅಳೆಯುತ್ತಿದ್ದೆನಲ್ಲ, ಇದನ್ನು ಅಳೆಯುವುದು ಹೊಳೆಯಲೇ ಇಲ್ಲ. ಅಲ್ಲೇ ಕುಳಿತು ಅತ್ತೆ. ಏಳು ವರ್ಷದಲ್ಲಿ ಅತ್ತಿರಲಿಲ್ಲ. ಅವಳು ಸತ್ತ ದಿನವೂ ಅತ್ತಿರಲಿಲ್ಲ, ಗಟ್ಟಿ ಮನುಷ್ಯ ಎಂದು ಜನ ಹೊಗಳಿದ್ದರು.

ಅಳುವುದು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಇದನ್ನು ಹೇಳಿದರೆ ಈ ಏಳು ವರ್ಷದಲ್ಲಿ ನಾನು ತೂಗಿದ ದೊಡ್ಡ ಸಾಮಾನುಗಳ ಲೆಕ್ಕವೆಲ್ಲ ಸುಳ್ಳೆಂದು ಹೇಳಿದ ಹಾಗೆ. ಎಷ್ಟು ಮನೆಯವರು ನನ್ನ ಮಾತಿನ ಮೇಲೆ ಹೆಂಡತಿಯನ್ನು ತವರಿಗೆ ಕಳಿಸಿದರೋ, ಎಷ್ಟು ಅಣ್ಣತಮ್ಮಂದಿರು ಬೇರೆಯಾದರೋ ನನಗೆ ನೆನಪಿಲ್ಲ. ಇನ್ನು ಮುಂದೆ ಈ ಜಗಲಿಗೆ ಯಾರು ಬರುತ್ತಾರೆ? ಮನೆಗೆ ಬರುವವರೆಂದರೆ ತೂಗಿಸುವವರು ಮಾತ್ರ, ಅವರೂ ಬಾರದಿದ್ದರೆ ಮಾತಾಡುವುದಕ್ಕೂ ಒಬ್ಬರಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಬಾಕು ಬೆಂಕಿಗೆ ಬೀಳುತ್ತದೆ, ಸಾಕ್ಷಿಯೂ ಉಳಿಯುವುದಿಲ್ಲ. ಇದನ್ನೂ ಯೋಚಿಸಿದೆ. ಸುಳ್ಳೇಕೆ ಹೇಳಲಿ, ಸಾಕಷ್ಟು ಹೊತ್ತು ಯೋಚಿಸಿದೆ.

ಶುಕ್ರವಾರ ಬೆಳಗ್ಗೆ ಅರ್ಧ ಸೇರನ್ನು ವಲ್ಲಿಬಟ್ಟೆಯಲ್ಲಿ ಕಟ್ಟಿಕೊಂಡು, ವರ್ಷದ ಕಲ್ಲಿನ ಚೀಲ ಹೆಗಲಿಗೆ ಹಾಕಿಕೊಂಡು ಕುಲುಮೆಗೆ ಹೋದೆ. ತಿದಿ ಆಗಲೇ ಊದುತ್ತಿತ್ತು. ಸಾವಂತ್ರೆವ್ವ ಬಾಗಿಲಲ್ಲಿ ಕುಳಿತಿದ್ದಳು. ಕಣ್ಣಾರೆ ನೋಡಿ ಹೋಗುತ್ತೇನೆಂದು ಬಂದಿದ್ದಳಂತೆ. ಬಾಕು ಗುಡ್ಡೆಯ ಮೇಲೇ ಇತ್ತು.

ನಾನು ಅಲ್ಲಿದ್ದವರೆಲ್ಲರ ಮುಂದೆ ಮೌನೇಶಪ್ಪನ ತಕ್ಕಡಿಯಲ್ಲಿ ನನ್ನ ಅರ್ಧ ಸೇರನ್ನು ತೂಗಿ ತೋರಿಸಿದೆ. ನಲವತ್ತೇಳು. ಹದಿನೇಳಕ್ಕೆ ಏಳು ಸೇರಿಸಬೇಕು ಎಂದೆ. ಆಗುವುದು ಇಪ್ಪತ್ತನಾಲ್ಕು, ಬಾಕನ್ನು ಗೋಡೆಯಲ್ಲಿ ಇಟ್ಟದ್ದು ನಿಮ್ಮಪ್ಪ, ತಪ್ಪು ನನ್ನದು ಎಂದೆ. ತಿದಿ ಊದುವವನು ಕೈ ನಿಲ್ಲಿಸಿದ. ನೆರೆದವರಲ್ಲಿ ಒಬ್ಬ, ಹೋದ ವರ್ಷ ತನ್ನ ಗುದ್ದಲಿ ತೂಗಿದ್ದನ್ನು ನೆನಪಿಸಿ ಏನೋ ಗೊಣಗಿದ.

ಸಾವಂತ್ರೆವ್ವ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಎದ್ದು ಗುಡ್ಡೆಯ ಮೇಲಿನ ಬಾಕನ್ನು ಎತ್ತಿಕೊಂಡಳು.

"ನೀವು ಬರ್ರಿ," ಎಂದಳು. "ಆಕಿ ಮುಂದ ನಿಮ್ಮ ಬಾಯಿಲೆ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ."

ಕೆಳಗಿನ ಓಣಿಯವರೆಗೆ ಅವಳು ಮುಂದೆ, ನಾನು ಹಿಂದೆ. ತುಳಜವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅಕ್ಕನನ್ನು ನೋಡಿ ಏಳಲಿಲ್ಲ. ಹೇಳಬೇಕಾದದ್ದನ್ನು ನಾನು ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟು, ಅಂಗೈಗೆ ಅಂಟಿದ ತೌಡನ್ನು ಒರೆಸಿಕೊಂಡಳು. ಸಾವಂತ್ರೆವ್ವ ಹಿಡಿಯನ್ನು ಹಿಡಿದು ಉಂಗುರವನ್ನು ತಂಗಿಯ ಕಡೆ ಚಾಚಿದಳು. ಕಾಲು ಹಿಡಿಯುತ್ತೇನೆ ಎಂದಿದ್ದವಳು ನಿಂತೇ ಇದ್ದಳು.

"ಇಪ್ಪತ್ನಾಲ್ಕು ವರ್ಷ, ಅಕ್ಕ," ಎಂದಳು ತುಳಜವ್ವ. "ಅಪ್ಪನ ಹೆಣಕ್ಕ ಮಣ್ಣು ಹಾಕಾಕೂ ಬಿಡಲಿಲ್ಲ ನೀ."

ತೆಗೆದುಕೊಳ್ಳುವುದಿಲ್ಲವೆಂದೇ ನಾನು ತಿಳಿದೆ. ಆದರೆ ಅವಳು ಕೈ ಎತ್ತಿ ಉಂಗುರದಲ್ಲಿ ಬೆರಳು ಹಾಕಿದಳು. ಸಾವಂತ್ರೆವ್ವ ಹಿಡಿಯನ್ನು ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದುಕೊಂಡು ಹಾಗೇ ಇದ್ದರು. ನಾನು ಅಲ್ಲಿ ಇರುವುದು ಇಬ್ಬರಿಗೂ ಮರೆತುಹೋಗಿತ್ತು. ಮರೆಯಬೇಕಾದದ್ದೇ. ವಲ್ಲಿಯ ಗಂಟನ್ನು ಎತ್ತಿಕೊಂಡು ಮನೆಗೆ ಬಂದೆ.

ಅಂದು ಜಗಲಿಗೆ ಯಾರೂ ಬರಲಿಲ್ಲ, ಶನಿವಾರವೂ ಬರಲಿಲ್ಲ. ಮೌನೇಶಪ್ಪ ಹೊಳೆಯಿಂದ ಒಂದು ಕಲ್ಲು ತಂದು ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಅದನ್ನು ಉಜ್ಜಿ ನಲವತ್ತು ತೊಲಕ್ಕೆ ತರಲು ನನಗೆ ಎರಡು ತಿಂಗಳು ಬೇಕು. ಅದಾದ ಮೇಲೆ ಜನ ಬರುತ್ತಾರೋ ಇಲ್ಲವೋ. ಕಬ್ಬಿಣದ ಅರ್ಧ ಸೇರು ಇನ್ನು ಯಾವುದಕ್ಕೂ ಬರುವುದಿಲ್ಲ. ಕುಲುಮೆಯ ಗುಡ್ಡೆಗೆ ಹಾಕಬಹುದಾಗಿತ್ತು, ಮನಸ್ಸಾಗಲಿಲ್ಲ. ಕಾಶವ್ವನ ಕೈ ಹನ್ನೆರಡು ವರ್ಷ ಆಡಿದ ವಸ್ತು.

ಭಾನುವಾರ ಬೆಳಗ್ಗೆ ಎದ್ದು ಮುಖ ತೊಳೆದುಕೊಂಡು, ಅರ್ಧ ಸೇರನ್ನು ಹಿಡಿದು ಹಿತ್ತಲ ಗೋಡೆಯ ಹತ್ತಿರ ಹೋಗಿ ನಿಂತೆ. ಆಚೆ ಗುರಸಿದ್ದವ್ವ ಆ ಕಡೆಯ ಮನೆಯವಳೊಂದಿಗೆ ಸೌಟು ಬದಲಾಯಿಸಿಕೊಂಡು ಒಳಗೆ ಹೋಗುತ್ತಿದ್ದಳು. ಏಳು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ, ಅದನ್ನೂ ನಾನು ಅಂದೇ ನೋಡಿದ್ದು. ಕೆಮ್ಮಿದೆ. ಅವಳು ತಿರುಗಿ ನೋಡಿ ಗೋಡೆಯ ಹತ್ತಿರ ಬಂದಳು. ನನ್ನ ಕೈಯಲ್ಲಿದ್ದುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ತೂಕದ ಕಲ್ಲನ್ನು ಹೊರಗಿನವರು ಮುಟ್ಟಬಾರದಲ್ಲ.

ನಾನು ಕೈ ಚಾಚಿಯೇ ಇದ್ದೆ. ಅವಳು ಸೌಟನ್ನು ಗೋಡೆಯ ಮೇಲಿಟ್ಟು, ಕೈಗಳನ್ನು ಸೀರೆಗೆ ಒರೆಸಿಕೊಂಡು, ಎರಡೂ ಅಂಗೈ ಕೂಡಿಸಿ ಹಿಡಿದಳು. ಅರ್ಧ ಸೇರು ಅವಳ ಕೈಗೆ ಬಿದ್ದಾಗ ಮೊಣಕೈಗಳು ಒಂದಿಷ್ಟು ಜಗ್ಗಿದವು.

"ಇದನ್ನ ತಗೊಂಡು ನಾ ಏನ್ ಮಾಡಲಿ ಅಣ್ಣಾರ?"

"ಏನೂ ಮಾಡಬ್ಯಾಡ್ರಿ," ಎಂದೆ. "ನಾಳಿ ಮುಂಜಾನೆ ನನಗ ತಿರುಗಿ ಕೊಡ್ರಿ."